ಬೋರ್ಡ್ ಅನ್ನೋ ಹಲಗೆ

ಶನಿವಾರ, 15 ನವೆಂಬರ್ 2025
ಜಯನಗರ, ಬೆಂಗಳೂರು

ಕೆಳಗಿನ ಮನೆ ಹುಡುಗಿ ಬೆಳಿಗ್ಗೆ ನೋಟ್‌ಬುಕ್ ಹಿಡ್ಕೊಂಡು ಬಂದಳು. ಚಿಕ್ಕನಾಯಕನಹಳ್ಳಿ ಕಡೆಯವಳು, ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲಿ. ಸೋಮವಾರದಿಂದ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. ಕಂಪನಿ ಕಳಿಸಿರೋ ಮೇಲ್‌ನಲ್ಲಿ ‘ಆನ್‌ಬೋರ್ಡಿಂಗ್’ ಅಂತ ಇದೆ.

“ಅಕ್ಕಾ, ಬೋರ್ಡ್ ಗೊತ್ತು. ಇದ್ಯಾವ ಬೋರ್ಡು?”

ನೋಟ್‌ಬುಕ್‌ನಲ್ಲಿ ಆಗಲೇ ಅರ್ಥ ಬರ್ಕೊಂಡಿದ್ದಳು: ಹಲಗೆ, ನಾಮಫಲಕ, ಮಂಡಳಿ, ಊಟ, ಹತ್ತುವುದು. ಇಷ್ಟನ್ನೂ ಉರು ಹೊಡೆದರೆ ಸಾಕಾ ಅಂತ ಅವಳ ಪ್ರಶ್ನೆ. ಸಾಲದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಹೀಗೆ ಬಿಡಿಬಿಡಿಯಾಗಿ ಉರು ಹೊಡೆದದ್ದು ಪರೀಕ್ಷೆ ಮುಗಿದ ವಾರಕ್ಕೆ ಹೊರಟುಹೋಗುತ್ತೆ. ಊಟಕ್ಕೂ ಮಂಡಳಿಗೂ ಏನು ನಂಟು ಅಂತ ತಿಳಿದರೆ ಮಾತ್ರ ಉಳಿಯುತ್ತೆ. ಹಾಗಾಗಿ ಕಾಫಿ ಕೊಟ್ಟು ಕೂರಿಸಿ, ಮೊದಲನೇ ಸಾಲು ಒಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಅಡ್ಡಗೆರೆ ಎಳೆಯೋಕೆ ಹೇಳಿದೆ.

ಹಲಗೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷ್‌ನಲ್ಲೂ ಈ ಪದಕ್ಕೆ ಆ ಅರ್ಥ ಇತ್ತು. ಆ ಕಾಲದ ದೊಡ್ಡ ಮನೆಗಳ ಹಜಾರದಲ್ಲಿ ಊಟದ ಹೊತ್ತಿಗೆ ಕಾಲುಗಳ ಮೇಲೆ ಉದ್ದನೆ ಹಲಗೆ ಹಾಸ್ತಿದ್ದರು, ಊಟ ಆದ ಮೇಲೆ ಎತ್ತಿ ಪಕ್ಕಕ್ಕಿಡ್ತಿದ್ದರು. ಆ ಹಲಗೆಯೇ ಅವರ ಮೇಜು. ಮೇಜಿನ ಹೆಸರು ಬರ್ತಾ ಬರ್ತಾ ಅದರ ಮೇಲಿನ ಊಟಕ್ಕೂ ಅಂಟಿಕೊಂಡಿತು. ನಾವು “ಎಲೆ ಹಾಕಿದೆ, ಬನ್ನಿ” ಅಂದಾಗ ಯಾರೂ ಬಾಳೆ ಎಲೆ ನೋಡೋಕೆ ಬರಲ್ಲ, ಊಟಕ್ಕೆ ಬರ್ತಾರೆ. ಅದೇ ಜಾಡು ಇಲ್ಲೂ. ಮೆಜೆಸ್ಟಿಕ್, ಕಾಟನ್‌ಪೇಟೆ ಕಡೆ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ಅಂತ ಬರೆದಿರೋದನ್ನ ಅವಳು ನೋಡಿದ್ದಳು. ಎರಡೂ ಪದಕ್ಕೆ ರೂಮು ಅಂತಲೇ ಅರ್ಥ ಅಂದುಕೊಂಡಿದ್ದಳಂತೆ. ಲಾಡ್ಜಿಂಗ್ ಮಲಗೋಕೆ, ಬೋರ್ಡಿಂಗ್ ಉಣ್ಣೋಕೆ. ಬೋರ್ಡಿಂಗ್ ಸ್ಕೂಲ್ ಅನ್ನೋದರಲ್ಲೂ ಈ ಊಟವೇ ಇದೆ.

ಅದೇ ಮೇಜಿನ ಸುತ್ತ ಊಟದ ಬದಲು ಕಡತ ಇಟ್ಟುಕೊಂಡು ಕೂತವರು ಮಂಡಳಿ. ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ, ಬೆಂಗಳೂರು ಬೋರ್ಡುಗಳ ಊರು. ಅಂಬೇಡ್ಕರ್ ಬೀದಿಯಲ್ಲಿ ಕಾಫಿ ಬೋರ್ಡ್. 1964ರಲ್ಲಿ ಶುರುವಾದ ನಮ್ಮ ವಾಟರ್ ಬೋರ್ಡ್. ವಿದ್ಯುತ್ತಿನ ಬೋರ್ಡ್ ಹೋಗಿ 1999ರಲ್ಲಿ ಕೆಪಿಟಿಸಿಎಲ್ ಬಂತು, 2002ರಲ್ಲಿ ಬೆಸ್ಕಾಂ ಬಂತು. ಆದರೂ ಕರೆಂಟ್ ಹೋದರೆ ನಮ್ಮ ಬೀದಿಯವರು ಇವತ್ತಿಗೂ “ಕೆಇಬಿಯವರಿಗೆ ಫೋನ್ ಮಾಡಿ” ಅಂತಾರೆ. ಆ ಕೊನೆಯ ‘ಬಿ’ ಇದೇ ಬೋರ್ಡು. ಇನ್ನು ಸಿಲ್ಕ್ ಬೋರ್ಡ್: 1948ರ ಕಾಯ್ದೆಯಿಂದ ಹುಟ್ಟಿದ ಕೇಂದ್ರ ರೇಷ್ಮೆ ಮಂಡಳಿ. ಈ ಊರಿನ ಎಷ್ಟೋ ಜನಕ್ಕೆ ಅದು ಬರೀ ಒಂದು ಜಂಕ್ಷನ್. ಸೋಮವಾರದಿಂದ ಇವಳೂ ಆರ್.ವಿ. ರೋಡಿನಲ್ಲಿ ಹಳದಿ ಲೈನಿನ ಮೆಟ್ರೋ ಹತ್ತಿ ಆ ಹೆಸರಿನ ಸ್ಟೇಷನ್ ದಾಟಿಕೊಂಡೇ ಹೋಗಬೇಕು. ರೇಷ್ಮೆಯ ವಿಷಯ ಮಾತಾಡೋಕೆ ಮೇಜಿನ ಸುತ್ತ ಕೂತವರ ಹೆಸರು ಅದು ಅಂದಾಗ ಅವಳು ಬಾಯಿ ಬಿಟ್ಟುಕೊಂಡು ಕೇಳಿದಳು.

ನಾಮಫಲಕದ ಬಗ್ಗೆ ಹೆಚ್ಚು ಹೇಳಲಿಲ್ಲ. ಹಲಗೆ ಮೇಲೆ ಬರೆದರೆ ಬೋರ್ಡ್, ಅಷ್ಟೇ. ಅಂಗಡಿ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ಬಂದಾಗಿಂದ ಆ ಅರ್ಥ ಎಲ್ಲರ ಬಾಯಲ್ಲೂ ಇದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಹಡಗಿನದು. ಹಲಗೆ ಜೋಡಿಸಿ ಕಟ್ಟಿದ ಹಡಗಿನ ಪಕ್ಕಕ್ಕೂ ಬೋರ್ಡ್ ಅಂತಿದ್ದರು. ಆ ಪಕ್ಕವನ್ನು ದಾಟಿ ಒಳಗೆ ಕಾಲಿಟ್ಟರೆ ‘ಆನ್ ಬೋರ್ಡ್’, ದಾಟಿ ನೀರಿಗೆ ಬಿದ್ದರೆ ‘ಓವರ್‌ಬೋರ್ಡ್’. ಚುಕ್ಕಾಣಿ ಹಡಗಿನ ಹಿಂಭಾಗದ ನಡುವಿಗೆ ಬರೋ ಮುಂಚೆ, ದಿಕ್ಕು ತಿರುಗಿಸೋ ದೊಡ್ಡ ಹುಟ್ಟನ್ನು ಬಲಪಕ್ಕಕ್ಕೆ ಕಟ್ಟಿರ್ತಿದ್ದರು. ನಡೆಸೋ ಪಕ್ಕ, ಅಂದರೆ ‘ಸ್ಟಿಯರಿಂಗ್’ ಪಕ್ಕ, ಅದೇ ಸವೆದು ‘ಸ್ಟಾರ್‌ಬೋರ್ಡ್’ ಆಯಿತು. ಆಕಾಶದ ನಕ್ಷತ್ರಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಎಡಪಕ್ಕಕ್ಕೆ ‘ಲಾರ್‌ಬೋರ್ಡ್’ ಅಂತಿತ್ತು. ಬಿರುಗಾಳಿಯಲ್ಲಿ ಕೂಗಿದರೆ ಎಡ ಯಾವುದು, ಬಲ ಯಾವುದು ಕಿವಿಗೆ ಗೊತ್ತಾಗಬೇಕಲ್ಲ? 1844ರಲ್ಲಿ ಬ್ರಿಟಿಷ್ ನೌಕಾಪಡೆ ಆ ಪದವನ್ನೇ ಕೈಬಿಟ್ಟು ‘ಪೋರ್ಟ್’ ಅನ್ನಬೇಕು ಅಂತ ಆಜ್ಞೆ ಮಾಡಿತು. ಹಡಗು ಬಂದರಿಗೆ ತಾಗಿ ನಿಲ್ತಿದ್ದದ್ದು ಹುಟ್ಟು ಇಲ್ಲದ ಆ ಎಡಪಕ್ಕದಲ್ಲೇ.

ಹಡಗಿನಿಂದ ಈ ಪದ ರೈಲಿಗೆ, ಬಸ್ಸಿಗೆ, ವಿಮಾನಕ್ಕೆ ಬಂತು. ಈಗ ಕಂಪನಿಗೂ ಬಂದಿದೆ. ಹೊಸಬರನ್ನು ಕೈಹಿಡಿದು ಒಳಗೆ ಹತ್ತಿಸಿಕೊಳ್ಳೋದು ಆನ್‌ಬೋರ್ಡಿಂಗ್: ಐಡಿ ಕಾರ್ಡು, ಲ್ಯಾಪ್‌ಟಾಪು, ಪಿಎಫ್ ಫಾರಂ, ಯಾರು ಯಾರಿಗೆ ವರದಿ ಕೊಡಬೇಕು ಅನ್ನೋದು. ಒಂದು ಯೋಜನೆಗೆ ಯಾರಾದರೂ ‘ಆನ್ ಬೋರ್ಡ್’ ಇದ್ದಾರೆ ಅಂದರೆ, ಅವರೂ ಅದೇ ಹಡಗಿಗೆ ಹತ್ತಿದ್ದಾರೆ, ಒಪ್ಪಿದ್ದಾರೆ ಅಂತ.

ಹಲಗೆ ಅನ್ನೋ ಪದ, ಹಡಗಿನ ಪಕ್ಕ ಅನ್ನೋ ಪದ ಮೂಲದಲ್ಲಿ ಎರಡಿದ್ದು, ಬಹಳ ಹಿಂದೆಯೇ ಬೆರೆತು ಹೋಗಿರಬೇಕು ಅಂತ ಪದಗಳ ಹುಟ್ಟು ಹುಡುಕೋರು ಹೇಳ್ತಾರೆ. ಪಕ್ಕ, ಅಂಚು ಅನ್ನೋ ಆ ಎಳೆ ಫ್ರೆಂಚ್‌ಗೂ ಹೋಗಿ, ‘ಬಾರ್ಡರ್’ ಆಗಿ ಇಂಗ್ಲಿಷ್‌ಗೆ ವಾಪಸ್ ಬಂತು. ನಮ್ಮ ಸೀರೆ ಬಾರ್ಡರ್ ಇದೆಯಲ್ಲ, ಅದು. ಇಷ್ಟು ಹೇಳೋ ಹೊತ್ತಿಗೆ ಅವಳೇ ಉತ್ಸಾಹದಿಂದ ಕಪ್‌ಬೋರ್ಡ್ ಹಿಡಿದಳು: “ಕಪ್ ಇಡೋ ಹಲಗೆ ಅಲ್ವಾ ಅಕ್ಕಾ?” ಹೌದು, ಬಾಗಿಲು ಬಂದದ್ದು ಆಮೇಲೆ. ‘ಅಬೌ ಬೋರ್ಡ್’ ಏನಿರಬಹುದು, ಊಹಿಸು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಜಿನ ಮೇಲೆ… ಎಲ್ಲರಿಗೂ ಕಾಣೋ ಹಾಗೆ?” ಅಂದಳು. ಇಸ್ಪೀಟ್ ಆಡುವಾಗ ಕೈ ಮೇಜಿನ ಕೆಳಗೆ ಹೋಗಬಾರದು, ಮೋಸ ಇಲ್ಲ ಅಂತ ಅರ್ಥ. ಯಾವ ನೋಟ್‌ಬುಕ್ಕೂ ನೋಡದೆ ಹೇಳಿದಳು! ನನಗಾದ ಸಂತೋಷ ಅಷ್ಟಿಷ್ಟಲ್ಲ.

ಕನ್ನಡದಲ್ಲಿ ಓದಿದವರಿಗೆ ಇಂಗ್ಲಿಷ್ ಪದದ ಒಳಹೊಕ್ಕು ನೋಡೋಕೆ ಬರಲ್ಲ ಅನ್ನೋರ ಮಾತನ್ನ ನಾನು ಒಪ್ಪಲ್ಲ. ಇವಳ ಅಜ್ಜಿ ಮನೆಯಲ್ಲಿ ಕೂರೋಕೂ ಮಣೆ, ತರಕಾರಿ ಹೆಚ್ಚೋಕೂ ಈಳಿಗೆಮಣೆ, ಮದುವೆಗೆ ಹಸೆಮಣೆ, ಆಟಕ್ಕೆ ಅಳಿಗುಳಿಮಣೆ. ಪೇಪರ್‌ನಲ್ಲಿ ‘ಹೊಸಬರಿಗೆ ಮಣೆ’ ಅಂತ ಬಂದರೆ ಯಾರೂ ನಿಘಂಟು ತೆಗೆಯಲ್ಲ. ಆ ಕಲಿಕೆ ಅವಳ ಹತ್ತಿರ ಮೊದಲೇ ಇದೆ. ಇಂಗ್ಲಿಷ್ ಕಲಿಸೋರು ಅದನ್ನೇ ಕೆದಕಿ ಎಬ್ಬಿಸಬೇಕು.

ಎದ್ದು ಹೊರಡುವಾಗ ಮೇಲ್‌ನಲ್ಲಿದ್ದ ಇನ್ನೊಂದು ಸಾಲು ತೋರಿಸಿದಳು. ರಜೆಯ ನಿಯಮ ‘ಅಕ್ರಾಸ್ ದ ಬೋರ್ಡ್’ ಅನ್ವಯ ಅಂತ. ಇದು ಅಮೆರಿಕದ ಕುದುರೆ ರೇಸಿನಿಂದ ಬಂದದ್ದು. ಒಂದೇ ಕುದುರೆ ಮೇಲೆ ಮೊದಲು, ಎರಡು, ಮೂರು, ಮೂರೂ ಸ್ಥಾನಕ್ಕೆ ಸಮನಾಗಿ ಹಣ ಕಟ್ಟಿದರೆ ಬೋರ್ಡಿನ ಉದ್ದಕ್ಕೂ ಕಟ್ಟಿದ ಹಾಗೆ. ಅದರಿಂದ ‘ಯಾರನ್ನೂ ಬಿಡದೆ’ ಅನ್ನೋ ಅರ್ಥ ಬಂತು.

“ಹಂಗಾದ್ರೆ ಹೊಸಬರಿಗೂನಾ?”

“ಹೂಂ ಕಣಮ್ಮ, ನಿನಗೂ, ನಿನ್ನ ಮ್ಯಾನೇಜರಿಗೂ.”