ಕಟಿಂಗ್ ಶಾಪಲ್ಲಿ ಸಿಕ್ಕ ಇನ್ನೊಬ್ಬ ಶರೀಫ

ಜರ್ಮನಿಯ ಕಲೋನ್‌ನಲ್ಲಿ ನಾನು ಕಟಿಂಗ್ ಮಾಡಿಸೋದು ಟರ್ಕಿಯವರ ಅಂಗಡೀಲಿ. ಅಂಗಡಿಯವರನ್ನ ಎಲ್ರೂ ಉಸ್ತಾ ಅಂತಾರೆ, ನಮ್ಮ ಉಸ್ತಾದ್ ಇದ್ದಂಗೆ. ಅವರ ಜರ್ಮನ್ನೂ ಅಷ್ಟಕ್ಕಷ್ಟೇ ನಂದೂ ಅಷ್ಟಕ್ಕಷ್ಟೇ, ಅದಕ್ಕೇ ಮಾತು ಚೆನ್ನಾಗಿ ನಡಿಯತ್ತೆ.

ಹೋದ ಚಳಿಗಾಲ ಕುತ್ತಿಗೆಗೆ ಬಟ್ಟೆ ಸುತ್ತಿಸ್ಕೊಂಡು ಕೂತಿದ್ದಾಗ ಸ್ಪೀಕರಲ್ಲಿ ಒಬ್ಬ ಹೆಂಗಸಿನ ದನಿ. ಹಿಂದೆ ಡ್ರಮ್ಸು, ಬೇಸು, ಜೊತೆಗೆ ಗಿಟಾರೂ ಅಲ್ಲದ ಸಿತಾರೂ ಅಲ್ಲದ ಎಂಥದೋ ಚೂಪು ತಂತಿ. ಯಾರಿದು ಅಂದೆ. ಸೆಲ್ದಾ ಬಾಜಾನ್, 1976ರ ರೆಕಾರ್ಡು ಅಂದ್ರು. ಪದ ಬರೆದಿದ್ದು? ಮಹ್ಜುನಿ ಶೆರೀಫ್.

ಶೆರೀಫ್ ಅಂದ ತಕ್ಷಣ ತಲೆ ತಿರುಗಿಸಿಬಿಟ್ಟೆ, ಕತ್ತರಿ ಕಿವಿಗೆ ತಾಗೋದ್ರಲ್ಲಿತ್ತು, ಬೈಸ್ಕೊಂಡೆ.

ಇಬ್ಬರು ಶರೀಫರಿಗೂ ಸಂಬಂಧ ಏನಿಲ್ಲ ಬಿಡಿ. ನಮ್ಮ ಶಿಶುನಾಳದವ್ರು 1889ರಲ್ಲೇ ಹೋದ್ರು, ಈ ಶೆರೀಫ್ 2002ರ ತನಕ ಇದ್ದವ್ರು. ಆದ್ರೆ ಅವರದ್ದೂ ಹೆಚ್ಚುಕಮ್ಮಿ ಅದೇ ದಾರಿ. ಅಲ್ಲಿ ಇಂಥವರಿಗೆ ಆಶಿಕ್ ಅಂತಾರೆ, ಸಾಜ್ ಅಥವಾ ಬಾಗ್ಲಾಮಾ ಅನ್ನೋ ಉದ್ದ ಕತ್ತಿನ ತಂತಿವಾದ್ಯ ಹಿಡ್ಕೊಂಡು ತಾವೇ ಪದ ಕಟ್ಟಿ ಹಾಡೋರು. ಆವತ್ತು ಕೇಳಿದ್ದು ಬಡವರ ಮೇಲೆ ಸಣ್ಣಗೆ ಬೀಳೋ ಹಿಮದ ಹಾಡು. ನಂಗೆ ಥಟ್ ಅಂತ ನೆನಪಾಗಿದ್ದು ಸೋರುತಿಹುದು ಮನೆಯ ಮಾಳಿಗಿ. ವ್ಯತ್ಯಾಸ ಏನಪ್ಪಾ ಅಂದ್ರೆ ನಮ್ಮಲ್ಲಿ ಮಾಳಿಗೆ ಸೋರೋದು ಅಜ್ಞಾನದಿಂದ, ಅಲ್ಲಿ ಹಿಮ ಬೀಳೋದು ನಿಜವಾದ ಬಡವನ ನಿಜವಾದ ತಲೆ ಮೇಲೆ.

ಹಳ್ಳಿ ಪದಕ್ಕೆ ರಾಕ್ ಬೆರೆಸಿದ ಈ ಸಂಗೀತಕ್ಕೆ ಅನಾತೋಲಿಯನ್ ರಾಕ್ ಅಂತ ಹೆಸರು, ಅನಾತೋಲಿಯಾ ಅಂದ್ರೆ ಟರ್ಕಿಯ ಏಷ್ಯಾ ಕಡೆಯ ನಾಡು. 60ರ ದಶಕದಲ್ಲಿ ಟರ್ಕಿಯ ಹುಡುಗ್ರು ಎಲ್ಲಾ ಕಡೆಯ ಹುಡುಗರ ಥರಾನೇ ಎಲ್ವಿಸ್ಸು, ಬೀಟಲ್ಸು ಅಂತ ಕಾಪಿ ಹೊಡೀತಿದ್ರು, ಹೊರಗಿನ ಟ್ಯೂನಿಗೆ ಟರ್ಕಿಶ್ ಮಾತು ಜೋಡಿಸೋದೇ ಫ್ಯಾಷನ್ನು. 1965ರಲ್ಲಿ ಹುರಿಯೆತ್ ಪತ್ರಿಕೆ ಒಂದು ಸ್ಪರ್ಧೆ ಇಡ್ತು, ಚಿನ್ನದ ಮೈಕ್ ಅಂತ. ಹೊಸ ಹಾಡು ಕಟ್ಟಿದ್ರೆ ಮಾತು ಟರ್ಕಿಶ್‌ನಲ್ಲೇ ಇರ್ಬೇಕು, ಇಲ್ಲಾ ಅಂದ್ರೆ ಜಾನಪದ ಹಾಡು ತಗೊಂಡು ಪಾಶ್ಚಾತ್ಯ ವಾದ್ಯದಲ್ಲಿ ನುಡಿಸ್ಬೇಕು. 1967ರಲ್ಲಿ ಜೆಮ್ ಕರಾಜಾ ಅನ್ನೋ ದಪ್ಪ ಗಂಟಲಿನ ಹುಡುಗ ಹಳೇ ಆಶಿಕ್ ಒಬ್ಬರ ಪದ ಹಾಡಿ ಎರಡನೇ ಸ್ಥಾನ ತಗೊಂಡ. ಪೇಪರಿನವರ ಒಂದು ಕಾಂಪಿಟೇಷನ್ನು ಪೇಟೆ ಹುಡುಗರನ್ನ ಹಳ್ಳಿ ಪದ ಹುಡ್ಕೋ ಥರ ಮಾಡ್ತು ನೋಡಿ.

ಉಸ್ತಾಗೆ ಇಷ್ಟ ಎರ್ಕಿನ್ ಕೊರಾಯ್ ಅನ್ನೋ ರಾಕ್ ಹಾಡುಗಾರ. ಬಾಗ್ಲಾಮಾಗೆ ಕರೆಂಟ್ ಕೊಟ್ಟವರಲ್ಲಿ ಮೊದಲಿಗ ಅಂತ ಅವನ ಹೆಸರೇ ಹೇಳ್ತಾರೆ. ಬಾಗ್ಲಾಮಾದಲ್ಲಿ ಸ್ವರ ಹಿಡಿಯೋ ಮೆಟ್ಟಿಲು, ಅಂದ್ರೆ ಫ್ರೆಟ್ಟು, ಗಿಟಾರಿನ ಹಾಗೆ ಬಡಿದು ಕೂರಿಸಿದ ಲೋಹ ಅಲ್ಲ, ಕಟ್ಟಿದ ದಾರ. ಉಸ್ತಾ ಗೋಡೆ ಮೇಲಿದ್ದ ತಮ್ಮ ಸಾಜ್ ಇಳಿಸಿ, ಉಗುರಲ್ಲಿ ಒಂದು ದಾರಾನ ಕೂದಲೆಳೆಯಷ್ಟು ಸರಿಸಿ ಮೀಟಿ ತೋರಿಸಿದ್ರು, ಎರಡು ಸ್ವರದ ಮಧ್ಯೆ ಎಲ್ಲೋ ನಿಲ್ಲೋ ಒಂದು ಸ್ವರ, ಮಾಮೂಲಿ ಗಿಟಾರಲ್ಲಿ ಅದಕ್ಕೆ ಜಾಗಾನೇ ಇಲ್ಲ. ಈ ಕೊರಾಯ್, ಕರಾಜಾ, ಇದೇ ಸಂಗೀತದ ಇನ್ನೊಬ್ಬ ಹಾಡುಗಾರ ಬಾರಿಶ್ ಮಾಂಚೊ ಎಲ್ರೂ ಉದ್ದ ಕೂದಲು ಬಿಟ್ಟೋರು, ನಮ್ಮ ಕಸುಬಿಗೆ ಶನಿಗಳು ಅಂತ ನಗಾಡಿದ್ರು.

1980ರ ಸೆಪ್ಟೆಂಬರಲ್ಲಿ ಟರ್ಕೀಲಿ ಮಿಲಿಟರಿ ಅಧಿಕಾರ ಹಿಡೀತು. ಸೆಲ್ದಾ ಮೂರು ಸಲ ಜೈಲಿಗೆ ಹೋದ್ರು, ಪಾಸ್‌ಪೋರ್ಟ್ ಕಿತ್ಕೊಂಡ್ರು. ಕರಾಜಾ ಆಗ್ಲೇ ಜರ್ಮನೀಲಿದ್ದ, ವಾಪಸ್ ಬಾ ಅಂದ್ರೆ ಹೋಗ್ಲಿಲ್ಲ, 1983ರಲ್ಲಿ ಪೌರತ್ವಾನೇ ತೆಗೆದುಹಾಕಿದ್ರು. 1984ರಲ್ಲಿ ಇಲ್ಲಿ ಕೂಲಿಗೆ ಬಂದ ತನ್ನವರ ಬಗ್ಗೆ ಜರ್ಮನ್ನಲ್ಲೇ ಒಂದು ಆಲ್ಬಮ್ ಮಾಡಿದ, ಊರಿಗೆ ಹೋಗಿದ್ದು 1987ಕ್ಕೆ.

ಆಮೇಲೆ ಈ ಹಳೇ ರೆಕಾರ್ಡುಗಳು ಎಲ್ಲೆಲ್ಲೋ ಎದ್ದವು. ನಾನು ಕೇಳಿದ ಅದೇ ಹಿಮದ ಹಾಡನ್ನ ಅಮೆರಿಕದ ರ‍್ಯಾಪರ್ ಮಾಸ್ ಡೆಫ್ 2009ರಲ್ಲಿ ಸ್ಯಾಂಪಲ್ ಮಾಡಿದ್ದಾನೆ, ಅಂದ್ರೆ ಅದರ ತುಣುಕು ತಗೊಂಡು ತನ್ನ ಹಾಡಿಗೆ ಸೇರಿಸಿದ್ದಾನೆ. ಆಮ್‌ಸ್ಟರ್‌ಡ್ಯಾಮಿನ ಆಲ್ತಿನ್ ಗ್ಯುನ್ ಬ್ಯಾಂಡು ಇವೇ ಪದಗಳನ್ನ ಹಾಡಿ ಗ್ರ್ಯಾಮಿ ನಾಮಿನೇಷನ್ ತನಕ ಹೋಯ್ತು.

ನಮ್ಮಲ್ಲೂ ರಘು ದೀಕ್ಷಿತ್ ಶರೀಫರನ್ನ ರಾಕ್ ಸ್ಟೇಜಿಗೆ ಹತ್ತಿಸಿದ್ರು, ಕಾಲೇಜ್ ಫೆಸ್ಟಲ್ಲಿ ಗುಡುಗುಡಿಯ ಸೇದಿ ನೋಡೋಗೆ ಕುಣಿದೋರಲ್ಲಿ ನಾನೂ ಒಬ್ಬ. ಅದೇ ಹುಮ್ಮಸ್ಸಲ್ಲಿ ಫೋನಲ್ಲಿದ್ದ ಇನ್ಯಾವುದೋ ಫ್ಯೂಷನ್ ಬ್ಯಾಂಡಿನ ತತ್ವಪದ ಹಾಕ್ದೆ. ಉಸ್ತಾ ಕತ್ತರಿ ನಿಲ್ಲಿಸಿ ಪೂರ್ತಿ ಕೇಳಿದ್ರು.

"ಚೆನ್ನಾಗಿದೆ. ನಿಮ್ಮ ಸಾಜ್ ಎಲ್ಲಿ?"

ಏಕತಾರಿ ಅಂತ ಇದೆ, ಒಂದೇ ತಂತಿ, ಭಜನೆಗೆ ಕೂತಾಗ ನುಡಿಸ್ತಾರೆ ಅಂತ ಕೈಸನ್ನೇಲಿ ತೋರಿಸ್ದೆ. ಇದರಲ್ಲಿ ಕೇಳಿಸ್ಲಿಲ್ವಲ್ಲ ಅಂದ್ರು. ಇನ್ನೊಂದ್ಸಲ ಹಾಕಿ ಹುಡುಕಿದ್ವಿ ಇಬ್ರೂ, ಸಿಗ್ಲಿಲ್ಲ. ಅಷ್ಟೊತ್ತಿಗೆ ಹಿಂದಿನ ಬೆಂಚಲ್ಲಿ ಕಾಯ್ತಿದ್ದವ್ರು ಗೊಣಗೋಕೆ ಶುರು ಮಾಡಿದ್ರು.