ದಲಾಲಿ ಅಂಗಡಿಯಲ್ಲಿ ಕೂತು ಪರಿಶುದ್ಧರಾಗಿರಬಹುದಾ?

ಬ್ಯಾಡಗಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ರವಿವಾರ ಚರ್ಚಿಗೆ ಹೋಗುತ್ತೇನೆ. ಇವೆರಡೂ ಗೊತ್ತಿದ್ದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: “ದಿನಾ ಮೆಣಸಿನಕಾಯಿ ವ್ಯಾಪಾರದಾಗ ಇದ್ದು ಪರಿಶುದ್ಧ ಆಗಿರಾಕ ಆಗತೈತೇನ್ರಿ? ಅದು ಫಾದರ್, ಸಿಸ್ಟರ್ ಅವರ ಕೆಲಸ ಅಲ್ಲೇನು?”

ಆಗುತ್ತದೆ. ಆಗಬೇಕು ಅಂತಲೇ ಬೈಬಲ್ ಹೇಳುತ್ತದೆ. ಯೇಸುವಿನ ಶಿಷ್ಯ ಪೇತ್ರ ತನ್ನ ಮೊದಲ ಪತ್ರ ಬರೆದಿದ್ದು ಊರೂರಿಗೆ ಚದುರಿಹೋಗಿದ್ದ ಸಾಮಾನ್ಯ ವಿಶ್ವಾಸಿಗಳಿಗೆ. ಅವರಲ್ಲಿ ಗಂಡ ಹೆಂಡಿರಿದ್ದರು, ಮನೆಯಾಳುಗಳಿದ್ದರು. ನಿಮ್ಮನ್ನು ಕರೆದ ದೇವರು ಪರಿಶುದ್ಧ, ನೀವೂ ಎಲ್ಲ ನಡತೆಯಲ್ಲಿ ಹಾಗೇ ಇರಿ ಅಂತ ಅವರಿಗೇ ಹೇಳಿದ. 1964ರಲ್ಲಿ ಕಥೋಲಿಕ ಧರ್ಮಸಭೆಯ ಎರಡನೇ ವ್ಯಾಟಿಕನ್ ಮಹಾಸಭೆಯೂ ಈ ಕರೆ ಎಲ್ಲ ವಿಶ್ವಾಸಿಗಳಿಗೂ ಸೇರಿದ್ದು ಅಂತ ಬಿಡಿಸಿ ಹೇಳಿತು.

ಪೇತ್ರ ಈ ಮಾತನ್ನು ತೆಗೆದುಕೊಂಡಿದ್ದು ಬೈಬಲ್‌ನ ಹಳೆಯ ಒಡಂಬಡಿಕೆಯ ಯಾಜಕಕಾಂಡದಿಂದ. ಅದರ 19ನೇ ಅಧ್ಯಾಯ ಓದಿ ನೋಡಿ. ‘ಪರಿಶುದ್ಧರಾಗಿರಿ’ ಅಂತ ಶುರುವಾಗಿ ಸೀದಾ ಹೊಲಕ್ಕೆ, ಸಂತೆಗೆ ಇಳಿಯುತ್ತದೆ. ಹೊಲದ ಅಂಚಿನ ಪೈರನ್ನು ಬಡವರಿಗೂ ಪರದೇಶಿಗೂ ಬಿಡು. ಕಿವುಡನನ್ನು ಬೈಯಬೇಡ. ಕೂಲಿಯವನ ಹಣವನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ. ತಕ್ಕಡಿ, ತೂಕದ ಕಲ್ಲು ಸರಿಯಾಗಿರಲಿ. ನಮ್ಮ ಮಾರುಕಟ್ಟೆಯಲ್ಲಿ ನಿಂತು ಬರೆದ ಹಾಗಿದೆ, ಅಲ್ವಾ?

ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಹೆಂಗಸರನ್ನು ನೀವು ನೋಡಿರಬಹುದು. ಮೂಗಿಗೆ ಸೆರಗು ಕಟ್ಟಿಕೊಂಡು ಕೆಂಪು ರಾಶಿಯ ಮುಂದೆ ಕೂತಿರುತ್ತಾರೆ. ಒಂದೊಂದೇ ಕಾಯಿ ಹಿಡಿದು ತುಂಬು ಮುರಿಯುತ್ತಾರೆ. ಬೆರಳಿನ ಉರಿ ರಾತ್ರಿ ಊಟಕ್ಕೆ ಕೂತಾಗಲೂ ಇಳಿದಿರುವುದಿಲ್ಲ. ಅವರ ಕೂಲಿ ಕಿಲೋ ಲೆಕ್ಕದಲ್ಲಿ. ಸಂಜೆ ತೂಗುವಾಗ ಕಾಲು ಕಿಲೋ ಕಡಿಮೆ ಬರೆದರೆ ಕೇಳೋರು ಯಾರೂ ಇಲ್ಲ. ‘ರೊಕ್ಕ ನಾಳೆ ತಗೊಳ್ಳಿ’ ಅಂದರೂ ಸುಮ್ನೆ ಎದ್ದು ಹೋಗುತ್ತಾರೆ. ಆದರೆ ಅವರ ಮನೆಗೆ ಜೋಳ, ಎಣ್ಣೆ ಬೇಕಾಗಿರೋದು ಇವತ್ತೇ. ಹಿಡಿದಿಟ್ಟ ಕೂಲಿ ಕೂಗುತ್ತದೆ, ಆ ಕೂಗು ದೇವರ ಕಿವಿ ಮುಟ್ಟುತ್ತದೆ ಅಂತ ಬೈಬಲ್‌ನ ಯಾಕೋಬನ ಪತ್ರದಲ್ಲಿದೆ. ಆ ತೂಕದ ಹೊತ್ತಲ್ಲಿ ನನ್ನ ಪೆನ್ನು ಏನು ಬರೆಯುತ್ತದೆ ಅನ್ನೋದು ನನ್ನ ಪ್ರಾರ್ಥನೆಯಷ್ಟೇ ದೊಡ್ಡ ವಿಷಯ. ರವಿವಾರದ ಹಾಡು ಎಷ್ಟೇ ಚೆನ್ನಾಗಿದ್ದರೂ ಅದು ಆ ಕಾಲು ಕಿಲೋವನ್ನು ತುಂಬಿಕೊಡುವುದಿಲ್ಲ.

ತೂಕ ಜಾಸ್ತಿ ಬರಲಿ ಅಂತ ಕಾಯಿಗೆ ನೀರು ಹೊಡೆಯೋದೂ ಇದೇ ಜಾತಿಯದು. ಕೊಂಡವನ ಚೀಲದಲ್ಲಿ ಬೂಸ್ಟು ಹಿಡಿಯುತ್ತದೆ, ತಿನ್ನುವವರು ಯಾರೋ ಏನೋ.

ಹಾಗಾದರೆ ಲೆಕ್ಕ ಸರಿಯಿದ್ದರೆ ಸ್ವರ್ಗ ಸಿಗುತ್ತಾ ಅಂತ ಕೆಲವರು ಕೇಳುತ್ತಾರೆ. ಇಲ್ಲ. ರಕ್ಷಣೆಗೆ, ಅಂದರೆ ಪಾಪದಿಂದ ಬಿಡುಗಡೆಗೆ, ನಾವು ಬೆಲೆ ಕಟ್ಟೋಕೆ ಆಗಲ್ಲ, ಅದು ಕ್ರಿಸ್ತ ಕೊಟ್ಟಿದ್ದು. ಮೊದಲು ಕರೆದವನು ಅವನು, ನಡತೆ ಆಮೇಲಿನದು. ನಡೆಯುವ ಬಲವೂ ಪವಿತ್ರಾತ್ಮನಿಂದಲೇ ಬರಬೇಕು. ಅಂಗಡಿ ಬಾಗಿಲು ತೆಗೆಯುವ ಮುಂಚೆ ನಾನು ಅದನ್ನೇ ಬೇಡುತ್ತೇನೆ.

ಇನ್ನು ಮನೆ. ಹೊರಗೆ ತಾಳ್ಮೆಯೆಲ್ಲ ಖರ್ಚು ಮಾಡಿ ಮನೆಯವರ ಮೇಲೆ ಸಿಡುಕುವವರಿಗೂ ಯಾಜಕಕಾಂಡದ ಅದೇ ಅಧ್ಯಾಯದಲ್ಲಿ ಮಾತಿದೆ: ನಿನ್ನವರ ಮೇಲೆ ಹಗೆ ಇಟ್ಟುಕೊಳ್ಳಬೇಡ.

ತಪ್ಪಿದರೆ? ಬೈಬಲ್‌ನಲ್ಲಿ ಬರುವ ಜಕ್ಕಾಯ ಸುಂಕ ವಸೂಲಿ ಮಾಡುವವರ ಮುಖ್ಯಸ್ಥ, ದೊಡ್ಡ ಸಾಹುಕಾರ. ಯೇಸು ಅವನ ಮನೆಗೆ ಬಂದ ದಿನ, ಯಾರಿಂದಲಾದರೂ ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ತಿರುಗಿ ಕೊಡ್ತೀನಿ ಅಂದ. ನೀವೂ ದೇವರ ಹತ್ತಿರ ಕ್ಷಮೆ ಕೇಳಿ, ಜೊತೆಗೆ ತುಂಬು ಬಿಡಿಸಿದ ಆ ಹೆಂಗಸಿನ ಹೆಸರಿನ ಮುಂದೆ ಸರಿಯಾದ ತೂಕ ಬರೆದು ಉಳಿದ ರೊಕ್ಕ ಅವಳ ಕೈಗೆ ಕೊಡಿ.