ಕಾಕಾ, ನಿಘಂಟು ಓದಿ ಏನು ಮಾಡುತ್ತೀರಿ?

ಸೇಡಂನ ಉಪನೋಂದಣಿ ಕಚೇರಿಯ ಹತ್ತಿರ ಕುಳಿತು ನಾನು ಖರೀದಿ ಪತ್ರ, ದಾನಪತ್ರ, ವಾಟ್ನಿ ಪತ್ರ (ಆಸ್ತಿ ಪಾಲು ಮಾಡುವ ಪತ್ರ) ಬರೆಯುತ್ತೇನೆ. ಗಿರಾಕಿ ಇಲ್ಲದಾಗ ಮೇಜಿನ ಮೇಲೆ ನಿಘಂಟು ತೆರೆದಿರುತ್ತದೆ. ಶಾಲೆಯಲ್ಲಿದ್ದಾಗಲೇ ಅಂಟಿದ ಚಟ. ಕಂಡವರೆಲ್ಲ ಕೇಳುವುದು ಒಂದೇ: “ಕಾಕಾ, ಇಷ್ಟು ಶಬ್ದ ಕಲಿತು ಏನು ಮಾಡುತ್ತೀರಿ? ಬರೆಯುವುದು ಅದೇ ಪತ್ರ ತಾನೆ?”

ಹೌದು, ಅದೇ ಪತ್ರ. ಅದರಲ್ಲಿ ಹೊಸ ಶಬ್ದ ತುರುಕಿದರೆ ನಾಳೆ ವಕೀಲರು ಅದನ್ನೇ ಹಿಡಿದು ಜಗ್ಗಾಡುತ್ತಾರೆ. ನಾನು ಶಬ್ದಗಳನ್ನು ಬಳಸುವುದಕ್ಕಾಗಿ ಓದುವುದಿಲ್ಲ. ಅವು ಎಲ್ಲಿಂದ ಬಂದವು, ಯಾವಾಗ ಮನೆ ಬದಲಾಯಿಸಿದವು ಎಂದು ನೋಡುವುದಕ್ಕೆ ಓದುತ್ತೇನೆ. ಹೊಲ ಕೊಳ್ಳುವವರು ಹಳೆಯ ದಾಖಲೆ ತೆಗೆಸುವುದಿಲ್ಲವೇ, ಹಾಗೆ.

ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳು 1970ರಿಂದ 1995ರವರೆಗೆ ಹೊರಬಂದವು. ಅದರಲ್ಲಿ ಅರ್ಥದ ಕೆಳಗೆ ಶಾಸನದ, ಕಾವ್ಯದ ಸಾಲುಗಳಿವೆ. ಅದರ ‘ಹ’ ಪುಟಗಳನ್ನು ತೆರೆದು ನೋಡಿ. ಹಾಲು, ಹುಲಿ, ಹೂವು, ಹಳ್ಳಿ, ಹೆಸರು, ಹೊಲ: ಇವೆಲ್ಲ ಹಳಗನ್ನಡದಲ್ಲಿ ‘ಪ’ದ ಖಾತೆಯಲ್ಲಿದ್ದವು. ಪಾಲ್, ಪುಲಿ, ಪೂ, ಪಳ್ಳಿ, ಪೆಸರ್, ಪೊಲ. ಕಾಲಕ್ರಮದಲ್ಲಿ ಒಂದೊಂದಾಗಿ ‘ಹ’ದ ಹೆಸರಿಗೆ ವರ್ಗಾವಣೆಯಾದವು. ಪಾಪ, ಪುಣ್ಯ, ಪತ್ರ ಎಂಬ ಸಂಸ್ಕೃತದವು ಕದಲಲಿಲ್ಲ. ‘ಪಡೆ’ಯದಂತೂ ವಿಚಿತ್ರ: ‘ಪಡೆ’ ಪಡೆಯಾಗಿಯೇ ಉಳಿಯಿತು, ಅದರಿಂದಲೇ ‘ಹಡೆ’ಯೂ ಆಯಿತು. ಹೀಗಾಗಿ ಸಾಲ ಪಡೆಯುತ್ತೇವೆ, ಮಕ್ಕಳನ್ನು ಹಡೆಯುತ್ತೇವೆ.

ಇದು ನನಗೆ ಪುಸ್ತಕದ ಮಾತಲ್ಲ. ನಮ್ಮದು ತೆಲಂಗಾಣದ ಗಡಿ ತಾಲ್ಲೂಕು. ತಾಂಡೂರಿನ ಕಡೆಯಿಂದ ಬಂದವರು ತಮ್ಮ ಹೊಲವನ್ನು ಇಂದಿಗೂ ‘ಪೊಲಂ’ ಎನ್ನುತ್ತಾರೆ. ಅವರ ಹಾಲು ‘ಪಾಲು’, ಹುಲಿ ‘ಪುಲಿ’. ಕನ್ನಡ ಬಿಟ್ಟುಕೊಟ್ಟ ಅಕ್ಷರವನ್ನು ತೆಲುಗು ಬಿಡಲಿಲ್ಲ. ಇದೇ ತಾಲ್ಲೂಕಿನ ಮಳಖೇಡದಲ್ಲಿ, ಕಾಗಿಣಾ ನದಿಯ ದಂಡೆಯ ಮೇಲೆ, ರಾಷ್ಟ್ರಕೂಟರ ರಾಜಧಾನಿ ಇತ್ತು. 9ನೇ ಶತಮಾನದಲ್ಲಿ ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡ ನಾಡನ್ನು ಹೇಳುವ ಕವಿರಾಜಮಾರ್ಗ ಹುಟ್ಟಿದ್ದು ಆ ಆಸ್ಥಾನದಲ್ಲಿ. ಅಲ್ಲಿಯೂ ಹಾಲಿಗೆ ‘ಪಾಲ್’ ಎಂದೇ ಅನ್ನುತ್ತಿದ್ದರು. ಅದನ್ನು ನೆನೆದಾಗ ಗಡಿಯಾಚೆಯ ರೈತನ ಮಾತು ನನಗೆ ಪರಭಾಷೆ ಅನ್ನಿಸುವುದಿಲ್ಲ.

ನನ್ನ ಪತ್ರದ ಒಂದು ಸಾಲನ್ನೇ ಬಿಡಿಸಿ ನೋಡಿ. ‘ಹೊಲ’ ನಮ್ಮದು. ‘ಪತ್ರ’ ಸಂಸ್ಕೃತ, ‘ಖರೀದಿ’ ಪಾರಸಿ, ‘ಹಕ್ಕು’ ಮತ್ತು ‘ಕಬ್ಜಾ’ ಅರಬ್ಬಿ. 1948ರವರೆಗೆ ನಾವು ಹೈದರಾಬಾದ್ ಸಂಸ್ಥಾನದಲ್ಲಿದ್ದೆವು, ಕಚೇರಿ ನಡೆಯುತ್ತಿದ್ದುದು ಉರ್ದುವಿನಲ್ಲಿ. ಇವನ್ನು ಹೆಕ್ಕಿ ತೆಗೆದು ಕನ್ನಡವನ್ನು ಶುದ್ಧ ಮಾಡಬೇಕು ಎನ್ನುವವರು ಒಂದು ದಿನ ನನ್ನ ಪಕ್ಕ ಕುಳಿತು ಪತ್ರ ಬರೆಯಲಿ. ರೈತನಿಗೆ ‘ಕಬ್ಜಾ’ ಎಂದರೆ ತಿಳಿಯುತ್ತದೆ, ‘ಸ್ವಾಧೀನಾನುಭವ’ ಎಂದರೆ ನನ್ನ ಮುಖ ನೋಡುತ್ತಾನೆ.

ಜರ್ಮನಿಯ ಪಾದ್ರಿ ಕಿಟೆಲ್ 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಕೋಶವೂ ನನ್ನಲ್ಲಿದೆ, ಮರುಮುದ್ರಣ. ಸುಮಾರು 70 ಸಾವಿರ ಶಬ್ದಗಳು. ಕನ್ನಡದಲ್ಲಿ ಮರೆಯಾದ ಱ, ೞ ಅಕ್ಷರಗಳನ್ನು ಅವರು ಕೈಬಿಡಲಿಲ್ಲ. ಮೊಬೈಲಿನಲ್ಲಿ ವಿ. ಕೃಷ್ಣ ಅವರ ‘ಅಲರ್’ ಎಂಬ ಅಂತರ್ಜಾಲ ನಿಘಂಟು ಕೂಡ ಇದೆ, ಒಂದೂವರೆ ಲಕ್ಷ ಪದಗಳದ್ದು. ಅವಸರಕ್ಕೆ ಅದು ಒಳ್ಳೆಯದು.

ಕೇಳಿದವರಲ್ಲಿ ಅಪರೂಪಕ್ಕೆ ಒಬ್ಬರು, “ಹಾಗಾದರೆ ಎಲ್ಲಿಂದ ಶುರು ಮಾಡಲಿ?” ಎನ್ನುತ್ತಾರೆ. ಪರಿಷತ್ತಿನ ಸಂಕ್ಷಿಪ್ತ ನಿಘಂಟು ಸಾಕು. ‘ಅ’ದಿಂದ ಮಾತ್ರ ಬೇಡ. ಅಖಂಡ, ಅಚಲ, ಅಜೇಯ, ಅಜ್ಞಾನ ಎಂದು ಪುಟಗಟ್ಟಲೆ ‘ಇಲ್ಲ, ಇಲ್ಲ’ ಎನ್ನುವ ಶಬ್ದಗಳೇ ಎದುರಾಗಿ, ಎರಡನೆಯ ದಿನಕ್ಕೇ ಪುಸ್ತಕ ಮುಚ್ಚುತ್ತೀರಿ. ‘ಹ’ದಿಂದ ಶುರು ಮಾಡಿ.